ಕೆಲಸ ಹೋದ ಮನೆ: ಶಿವಮೊಗ್ಗದ ಒಂದು ಕ್ರೈಸ್ತ ಕುಟುಂಬದ ಪ್ರಕರಣ

2023ರ ಜೂನ್‌ನಿಂದ ಸುಮಾರು ಒಂದು ವರ್ಷ ಶಿವಮೊಗ್ಗದ ಒಂದು ಕಥೋಲಿಕ ಕುಟುಂಬದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಮನೆಭೇಟಿ ತಂಡದಲ್ಲಿದ್ದೇನೆ. ಕಷ್ಟದಲ್ಲಿರುವ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಿ ಕೂರುವುದು, ಮಾತು ಕೇಳುವುದು, ಕೈಲಾದದ್ದನ್ನು ಮಾಡಿಕೊಡುವುದು ನಮ್ಮ ಕೆಲಸ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬೇರೆ ಇಟ್ಟಿದ್ದೇನೆ. ವಯಸ್ಸು, ಮನೆಯ ಕೆಲವು ವಿವರ, ಲೆಕ್ಕದ ಅಂಕಿಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ, ಬೇಡ ಅನಿಸಿದ್ದನ್ನು ತೆಗೆಸಿದ ಮೇಲೆ ಉಳಿದದ್ದು ಇದು.

ಬರೆಯಲು ಕಾರಣವಿದೆ. ಕೆಲಸ ಕಳೆದುಕೊಂಡವರ ಮನೆಗೆ ಹೋಗುವಾಗ ನಾವು ಬೈಬಲ್ ಮರೆಯುವುದಿಲ್ಲ. ಕಂಪನಿ ಕೊಟ್ಟ ಕಾಗದಗಳನ್ನು ಓದಿ ಅರ್ಥ ಹೇಳಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಮಾತ್ರ ಕಡಿಮೆ. ಈ ಮನೆಯಲ್ಲಿ ಎರಡೂ ಬೇಕಾಯಿತು. ಎರಡರಲ್ಲೂ ಅಡ್ಡ ಬಂದದ್ದು ಒಂದೇ, ಅವಸರ. ಕಂಪನಿಯವರಿಗೆ ಸಹಿಯ ಅವಸರ, ನೆಂಟರಿಷ್ಟರಿಗೆ ಸಮಾಧಾನ ಹೇಳಿ ಮುಗಿಸುವ ಅವಸರ, ಒಬ್ಬ ಪ್ರಸಂಗಿಗೆ ಕಾಣಿಕೆಯ ಅವಸರ.

ಹಿನ್ನೆಲೆ

ಗಂಡನನ್ನು ವಿಲ್ಸನ್, ಹೆಂಡತಿಯನ್ನು ಲೀನಾ ಅಂತ ಕರೆಯೋಣ. ವಿಲ್ಸನ್‌ಗೆ ಆಗ ನಲವತ್ತು ದಾಟಿತ್ತು. ಐಟಿಐ ಮುಗಿಸಿದ ಫಿಟ್ಟರ್. ಶಿವಮೊಗ್ಗದ ಹತ್ತಿರ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ 12 ವರ್ಷ ಮೇಂಟೆನೆನ್ಸ್ ಕೆಲಸ ಮಾಡಿದ್ದರು. ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಸುಮಾರು 27,000 ರೂಪಾಯಿ. ಮಗಳು ದ್ವಿತೀಯ ಪಿಯುಸಿ, ಮಗ ಎಂಟನೇ ಕ್ಲಾಸು. ವಿಲ್ಸನ್ ಅವರ ತಾಯಿಯೂ ಜೊತೆಗಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮನೆ ಸಾಲದ ಕಂತು 8,400. ಲೀನಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಆ ದುಡ್ಡು ಅಲ್ಲಿಂದಲ್ಲಿಗೆ ಆಗುತ್ತಿತ್ತು.

ವಿಲ್ಸನ್ ಅವರ ತಂದೆ ಭದ್ರಾವತಿಯ ಎಂಪಿಎಂನಲ್ಲಿ, ಅಂದರೆ ಮೈಸೂರು ಕಾಗದ ಕಾರ್ಖಾನೆಯಲ್ಲಿ, ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತರಾದವರು. ಕಾರ್ಖಾನೆ ಕೆಲಸ ಅಂದರೆ ಸಾಯುವ ತನಕ ಅನ್ನ ಎಂಬ ನಂಬಿಕೆಯಲ್ಲಿ ಬೆಳೆದ ಮನೆ ಅದು. 1936ರಲ್ಲಿ ಹುಟ್ಟಿದ ಆ ಕಾರ್ಖಾನೆಯಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತಿತು. 1918ರಲ್ಲಿ ಸ್ಥಾಪನೆಯಾದ ಅದೇ ಊರಿನ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಆ ದಿನಗಳಲ್ಲಿ ವಿಲ್ಸನ್ ಭದ್ರಾವತಿಯ ನೆಂಟರಿಗೆ ಧೈರ್ಯ ಹೇಳಿ ಬಂದಿದ್ದರು. ತಮ್ಮದು ಖಾಸಗಿ ಕಂಪನಿ, ಆರ್ಡರ್ ಚೆನ್ನಾಗಿದೆ, ಏನೂ ಆಗಲ್ಲ ಅಂದುಕೊಂಡಿದ್ದರು.

ಚರ್ಚಿನಲ್ಲಿ ವಿಲ್ಸನ್ ಎಲ್ಲರಿಗೂ ಗೊತ್ತಿದ್ದವರು. ಭಾನುವಾರದ ಕಾಣಿಕೆ ಎಣಿಸುವ ತಂಡದಲ್ಲಿದ್ದರು. ವಾರ್ಷಿಕ ಹಬ್ಬದ ವಂತಿಗೆ ಪುಸ್ತಕ ಹಿಡಿದು ತಮ್ಮ ವಾರ್ಡಿನ, ಅಂದರೆ ಚರ್ಚಿಗೆ ಸೇರಿದ ತಮ್ಮ ಬಡಾವಣೆಯ, ಮನೆಮನೆಗೆ ಹೋಗುತ್ತಿದ್ದವರೂ ಅವರೇ. ಯಾರ ಮನೆಯಲ್ಲಿ ಕಷ್ಟ ಇದೆ, ಯಾರಿಂದ ಈ ವರ್ಷ ವಂತಿಗೆ ಕೇಳಬಾರದು ಅನ್ನುವುದನ್ನು ನಮ್ಮ ತಂಡಕ್ಕೆ ಎಷ್ಟೋ ಸಲ ಅವರೇ ತಿಳಿಸಿದ್ದಾರೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಅವರಿಗೆ ಅತಿ ಕಷ್ಟವಾದದ್ದು ಇದೇ ಕಾರಣಕ್ಕೆ.

ಸಹಿ

ಜೂನ್ ಕೊನೆಯ ಒಂದು ಶುಕ್ರವಾರ ಮಧ್ಯಾಹ್ನ ಅವರನ್ನೂ ಇನ್ನು ಕೆಲವರನ್ನೂ ಕಚೇರಿಗೆ ಒಬ್ಬೊಬ್ಬರಾಗಿ ಕರೆದರು. ಆರ್ಡರ್ ಇಳಿದಿದೆ, ಒಂದು ಲೈನ್ ನಿಲ್ಲಿಸುತ್ತಿದ್ದೇವೆ ಅಂದರು. ಟೈಪ್ ಮಾಡಿಟ್ಟ ಒಂದು ಕಾಗದ ಮುಂದಿಟ್ಟರು. ‘ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ’ ಅಂತ ಅದರಲ್ಲಿತ್ತು. ಸಹಿ ಹಾಕಿದರೆ ಅನುಭವ ಪತ್ರ ಚೆನ್ನಾಗಿ ಬರೆದುಕೊಡುತ್ತೇವೆ, ಲೆಕ್ಕ ಬೇಗ ಚುಕ್ತಾ ಮಾಡುತ್ತೇವೆ. ಇಲ್ಲದಿದ್ದರೆ ಎಲ್ಲವೂ ತಡವಾಗುತ್ತದೆ ಅಂದರು. ವಿಲ್ಸನ್ ಸಹಿ ಹಾಕಿದರು. ಹೆಂಡತಿಗೆ ಒಂದು ಫೋನ್ ಮಾಡಲೂ ಅವರಿಗೆ ಹೊಳೆಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಒಂದು ವರ್ಷ ಪೂರ್ತಿ ದುಡಿದ ಕಾರ್ಮಿಕನನ್ನು ಕೆಲಸವಿಲ್ಲವೆಂದು ತೆಗೆಯಬೇಕಾದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕಿತ್ತು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನೂ ಪರಿಹಾರವಾಗಿ ಕೊಡಬೇಕಿತ್ತು. 12 ವರ್ಷಕ್ಕೆ ವಿಲ್ಸನ್ ಅವರಿಗೆ ಅದು ಒಂದೂವರೆ ಲಕ್ಷದ ಮೇಲಾಗುತ್ತಿತ್ತು. ಆದರೆ ತಾನಾಗಿ ರಾಜೀನಾಮೆ ಕೊಟ್ಟವನಿಗೆ ಈ ಪರಿಹಾರ ಇಲ್ಲ. ಅವರ ಜೊತೆಯ ಒಬ್ಬರು ‘ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ’ ಅಂತ ಎದ್ದು ಬಂದರು. ಮಾರನೇ ವಾರ ಕಾರ್ಮಿಕ ಅಧಿಕಾರಿಯ ಹತ್ತಿರ ಹೋದರು. ತಿಂಗಳುಗಳು ಹಿಡಿದರೂ, ಮಾತುಕತೆಯ ನಂತರ ಅವರಿಗೆ ಪರಿಹಾರ ಸಿಕ್ಕಿತು. ಇಬ್ಬರೂ ಒಂದೇ ದಿನ ಅದೇ ಕೋಣೆಯಿಂದ ಹೊರಬಂದವರು.

ಗ್ರಾಚ್ಯುಟಿಗೆ, ಅಂದರೆ ದೀರ್ಘ ಸೇವೆಗಾಗಿ ಕಂಪನಿ ಕೊಡುವ ಇಡಿಗಂಟಿಗೆ, ಮಾತ್ರ ಈ ಸಹಿಯಿಂದ ತೊಂದರೆಯಾಗಲಿಲ್ಲ. ಐದು ವರ್ಷ ತುಂಬಿದವರಿಗೆ ರಾಜೀನಾಮೆ ಕೊಟ್ಟರೂ ಅದು ಸಿಗುತ್ತದೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷದಿಂದಲೂ ಗುಣಿಸುವುದು ಆಗಿನ ಲೆಕ್ಕ. ವಿಲ್ಸನ್ ಅವರಿಗೆ 16,500 ಇತ್ತು. 12 ವರ್ಷಕ್ಕೆ 1,14,231 ರೂಪಾಯಿ. ಕಂಪನಿ ಕೊಟ್ಟ ಲೆಕ್ಕದಲ್ಲಿ 11 ವರ್ಷ ಅಂತ ಹಾಕಿದ್ದರು. ನಮ್ಮ ತಂಡದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರು ನೇಮಕಾತಿ ಪತ್ರ ತೆಗೆಸಿ ನೋಡಿ, ಒಂದು ಅರ್ಜಿ ಬರೆಸಿದರು. ಆಮೇಲೆ ಸರಿಯಾಯಿತು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಾಗಾಗಿ ಇವತ್ತು ಇದೇ ಸ್ಥಿತಿಯಲ್ಲಿರುವವರು ಈಗಿನ ನಿಯಮವನ್ನು ಕಾರ್ಮಿಕ ಇಲಾಖೆಯಲ್ಲೋ ವಕೀಲರಲ್ಲೋ ಕೇಳಿಯೇ ಹೆಜ್ಜೆ ಇಡಬೇಕು.

ಮುಚ್ಚಿಟ್ಟ ವಾರಗಳು

ಲೀನಾಗೆ ಅವತ್ತೇ ರಾತ್ರಿ ಹೇಳಿದರು. ಮಕ್ಕಳಿಗೆ ಎರಡು ದಿನದ ಮೇಲೆ ಗೊತ್ತಾಯಿತು. ತಾಯಿಗೆ ಮಾತ್ರ ಹೇಳಬೇಡಿ ಅಂತ ತಾಕೀತು ಮಾಡಿದರು. ಚರ್ಚಿನವರಿಗೂ ಹೇಳಲಿಲ್ಲ. ಭಾನುವಾರ ಎಂಟು ಗಂಟೆಯ ಪೂಜೆಗೆ ಹೋಗುತ್ತಿದ್ದವರು ಬೆಳಗಿನ ಜಾವದ ಪೂಜೆಗೆ ಹೋಗಿ, ಕೊನೆಯ ಹಾಡು ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದರು. ಕಾಣಿಕೆ ಎಣಿಸಲು ಬರುವುದು ನಿಂತಿತು. ಜುಲೈ ಕೊನೆಯ ಹೊತ್ತಿಗೆ ಪೂಜೆಗೂ ಬರುವುದು ನಿಂತಿತು.

ನಮಗೆ ವಿಷಯ ತಿಳಿದದ್ದು ಲೀನಾ ಅವರಿಂದ. ವಾರ್ಡಿನ ಜಪಸರ ಪ್ರಾರ್ಥನೆಯಲ್ಲಿ ಒಬ್ಬೊಬ್ಬರೇ ತಮ್ಮ ಕೋರಿಕೆ ಹೇಳುವಾಗ ಅವರು, ‘ನಮ್ಮವರ ಕೆಲಸ ಹೋಗಿ ಒಂದು ತಿಂಗಳಾಯ್ತು, ನಮಗೋಸ್ಕರ ಪ್ರಾರ್ಥನೆ ಮಾಡಿ’ ಅಂದರು. ಗಂಡನನ್ನು ಕೇಳದೆ ಹೇಳಿದ್ದು. ಮನೆಗೆ ಹೋದ ಮೇಲೆ ಜಗಳವೂ ಆಯಿತಂತೆ. ಆದರೆ ಈ ಪ್ರಕರಣದಲ್ಲಿ ಮೊದಲ ತಿರುವು ಅದೇ ಅಂತ ನನಗನಿಸುತ್ತದೆ. ಲೀನಾ ಅವರ ಆ ಧೈರ್ಯ ಇಲ್ಲದಿದ್ದರೆ ನಾವು ಯಾರೂ ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಮಾರನೇ ದಿನದಿಂದ ವಿಲ್ಸನ್ ಅವರ ವಾಟ್ಸಾಪಿಗೆ ಬೈಬಲ್ ವಚನಗಳು ಬರತೊಡಗಿದವು. ಜಾಸ್ತಿ ಬಂದದ್ದು ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆ ಕೇಡಿನದಲ್ಲ, ಹಿತದ್ದು ಅನ್ನುವ ಅರ್ಥದ ಮಾತು. ಕಳಿಸಿದವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದರು. ‘ದೇವರು ಒಂದು ದಾರಿ ಮುಚ್ಚಿದ್ರೆ ಇನ್ನೊಂದು ತೋರಿಸ್ತಾನೆ’ ಅಂತ ಬರೆದವರೂ ಇದ್ದರು. ನಾನು ಮೊದಲ ಸಲ ಹೋದಾಗ ವಿಲ್ಸನ್ ಫೋನ್ ನನ್ನ ಮುಂದೆ ಇಟ್ಟು, ‘ಅಕ್ಕಾ, ಇದಕ್ಕೆ ನಾನು ಆಮೆನ್ ಅಂತ ಬರೀಬೇಕಾ?’ ಅಂತ ಕೇಳಿದರು. ಅವರ ದನಿಯಲ್ಲಿ ಸಿಟ್ಟಿತ್ತು. ಬರೆಯಬೇಡಿ ಅಂದೆ.

ಯಾಕೆಂದರೆ ಆ ಅಧ್ಯಾಯವನ್ನು ಇಡಿಯಾಗಿ ಓದಿದರೆ ಚಿತ್ರ ಬೇರೆ. ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಪತ್ರ. ಇವತ್ತೋ ನಾಳೆಯೋ ಬಿಡುಗಡೆ ಅಂತ ಅದರಲ್ಲಿಲ್ಲ. 10ನೇ ವಚನ ಎಪ್ಪತ್ತು ವರ್ಷದ ಮಾತಾಡುತ್ತದೆ. ಅದಕ್ಕೂ ಮೊದಲು, ಇರುವ ಜಾಗದಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಆ ಊರಿನ ಒಳಿತಿಗಾಗಿ ಬೇಡಿಕೊಳ್ಳಿ ಅನ್ನುತ್ತದೆ. ಕಷ್ಟ ಬೇಗ ತೀರುತ್ತದೆ ಅನ್ನುವ ಭರವಸೆ ಅದಲ್ಲ. ತೀರದಿರುವಾಗಲೂ ಬದುಕುವುದು ಹೇಗೆ ಅನ್ನುವ ಮಾತು. ವಿಲ್ಸನ್ ಅದನ್ನು ಎರಡು ಸಲ ಓದಿಸಿಕೊಂಡರು. ‘ಇದನ್ನು ಯಾರೂ ಕಳಿಸ್ಲಿಲ್ಲ’ ಅಂದರು.

ಬೀಜದ ಕಾಣಿಕೆ

ಆಗಸ್ಟ್‌ನಲ್ಲಿ ಲೀನಾ ಅವರ ಗೆಳತಿಯೊಬ್ಬರು ಊರ ಹೊರಗೆ ನಡೆಯುತ್ತಿದ್ದ ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪ್ರಸಂಗ ಮಾಡಿದವರು ಲೀನಾ ಅವರ ತಲೆಯ ಮೇಲೆ ಕೈಯಿಟ್ಟು, 21 ದಿನದೊಳಗೆ ಕೆಲಸ ಸಿಗುತ್ತದೆ ಅಂದರು. ಅದಕ್ಕೆ ನಂಬಿಕೆಯಿಂದ ‘ಬೀಜ’ ಬಿತ್ತಬೇಕಂತೆ. ಹಳೆಯ ಸಂಬಳದ ಒಂದು ತಿಂಗಳಷ್ಟು ಕಾಣಿಕೆ ಕೊಡಬೇಕು. ಲೀನಾ ಮದುವೆಯ ಬಳೆ ಅಡವಿಡಲು ತೀರ್ಮಾನ ಮಾಡಿಯೇಬಿಟ್ಟಿದ್ದರು. ಅಡವಿಡುವ ಹಿಂದಿನ ದಿನ ಯಾಕೋ ನನಗೆ ಫೋನ್ ಮಾಡಿದರು.

ಇಂಥ ಕಡೆ ಬೈದರೆ ಕೆಲಸ ಕೆಡುತ್ತದೆ. ಹೆಂಗಸೊಬ್ಬಳು ತನ್ನ ಕೊನೆಯ ಚಿನ್ನ ಕೊಡಲು ಹೊರಟಿದ್ದಾಳೆ ಅಂದರೆ ಅದು ಮೂಢತನ ಅಲ್ಲ, ಗತಿಯಿಲ್ಲದಿರುವುದು. ಅವರನ್ನು ನಮ್ಮ ಗುರುಗಳ ಹತ್ತಿರ ಕರೆದುಕೊಂಡು ಹೋದೆ. ಫಾದರ್ ಯಾರನ್ನೂ ಹೀಗಳೆಯಲಿಲ್ಲ. ಅದೇ ಯೆರೆಮೀಯನ ಪುಸ್ತಕದಲ್ಲಿ ಒಂದು ಅಧ್ಯಾಯ ಹಿಂದಕ್ಕೆ ಹೋದರು. ಅಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಜನರ ಮುಂದೆ ಸಾರುತ್ತಾನೆ. ಜನಕ್ಕೆ ಹಿತವಾದ ಮಾತು. ದೇವರು ಕಳಿಸಿದ ಮಾತಲ್ಲ.

ಲೀನಾ ಆಗ ವಿಧವೆಯ ಎರಡು ಕಾಸಿನ ಕಥೆ ಎತ್ತಿದರು. ಅವಳು ಇದ್ದದ್ದನ್ನೆಲ್ಲ ಕೊಟ್ಟಳಲ್ಲ, ಯೇಸು ಅವಳನ್ನು ಮೆಚ್ಚಿದರಲ್ಲ, ಅಲ್ವಾ ಫಾದರ್? ಪ್ರಶ್ನೆ ಸರಿಯಾಗಿಯೇ ಇತ್ತು. ಮಾರ್ಕನ 12ನೇ ಅಧ್ಯಾಯದಲ್ಲಿ ಆ ಕಥೆಗೆ ತಾಗಿಕೊಂಡೇ ಇರುವ 40ನೇ ವಚನವನ್ನು ಫಾದರ್ ಓದಿಸಿದರು. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆ ನುಂಗುವವರ ಬಗ್ಗೆ ಯೇಸು ಎಚ್ಚರಿಸುವ ಜಾಗ ಅದು. ಆಮೇಲೆ ಫಾದರ್ ಹೇಳಿದ್ದನ್ನು ನಾನು ಮರೆಯುವುದಿಲ್ಲ. ‘ಅಲ್ಲಿಗೂ ಕೊಡಬೇಡಿ, ಇಲ್ಲಿಗೂ ಕೊಡಬೇಡಿ. ಈ ವರ್ಷ ನಿಮ್ಮ ಮನೆಯಿಂದ ಚರ್ಚಿಗೆ ಒಂದು ರೂಪಾಯಿ ವಂತಿಗೆಯೂ ಬೇಡ. ಬಳೆ ಇಟ್ಟರೆ ಮಗಳ ಫೀಸಿಗೆ ಇಡಿ.’

ಎರಡನೇ ತಿರುವು ಇದು. ವಂತಿಗೆ ಕೊಡಲಾಗದ್ದಕ್ಕೆ ವಿಲ್ಸನ್ ಚರ್ಚಿಗೆ ಬರುತ್ತಿರಲಿಲ್ಲ ಅನ್ನುವುದು ಅವತ್ತೇ ನಮಗೆ ಗೊತ್ತಾದದ್ದು. ಹಬ್ಬದ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಖಾಲಿ ಇರುತ್ತದೆ, ಬೇರೆಯವರು ಅದನ್ನು ನೋಡುತ್ತಾರೆ ಅನ್ನುವ ಸಂಕಟ ಅವರಿಗೆ. ಎಷ್ಟೋ ಮನೆಗಳ ಮುಂದೆ ಆ ಪುಸ್ತಕ ಹಿಡಿದು ನಿಂತವರಿಗೆ ಆ ಖಾಲಿ ಜಾಗದ ಅರ್ಥ ಚೆನ್ನಾಗಿ ಗೊತ್ತಿತ್ತು.

ಆ ರಾತ್ರಿಯ ಮಾತು

ಇಷ್ಟಾದರೂ ವಿಲ್ಸನ್ ಇಳಿಯುತ್ತಲೇ ಹೋದರು. ರಾತ್ರಿ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಬೆಂಗಳೂರಿನಲ್ಲಿ ಎರಡು ಕಡೆ ಇಂಟರ್‌ವ್ಯೂಗೆ ಹೋಗಿ ಬಂದರು. ವಯಸ್ಸು ಜಾಸ್ತಿಯಾಯಿತು, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳ ಪ್ರೋಗ್ರಾಂ ಬರುವವರು ಬೇಕು ಅಂದರಂತೆ. ಒಂದು ರಾತ್ರಿ ಲೀನಾಗೆ, ‘ನಾನಿಲ್ಲದಿದ್ರೆ ಇನ್ಶೂರೆನ್ಸ್ ದುಡ್ಡಾದ್ರೂ ಬರುತ್ತೆ, ಸಾಲ ತೀರುತ್ತೆ’ ಅಂದರು.

ಮರುದಿನ ಬೆಳಿಗ್ಗೆಯೇ ಲೀನಾ ನಮಗೆ ಹೇಳಿದರು. ಸುಮ್ನೆ ಬೇಜಾರಿಗೆ ಹೇಳಿರಬಹುದು ಅಂತ ಬಿಡುವಂಥ ಮಾತು ಇದಲ್ಲ. ನಮ್ಮ ಹಿರಿಯರು ವಿಲ್ಸನ್ ಅವರನ್ನು ನೇರವಾಗಿ ಕೇಳಿದರು, ಸಾಯುವ ಯೋಚನೆ ಬರುತ್ತಿದೆಯಾ ಅಂತ. ಹೌದು ಅಂದರು. ಹಾಗೆ ಬಾಯಿಬಿಟ್ಟು ಕೇಳಿದರೆ ಆ ಯೋಚನೆ ಗಟ್ಟಿಯಾಗುತ್ತದೆ ಅಂತ ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಕೇಳಿಸಿಕೊಳ್ಳುವವರು ಸಿಕ್ಕರು ಅಂತ ಅವರು ಅತ್ತರು. ಅವತ್ತೇ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ನ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದೆವು. ವೈದ್ಯರು ಖಿನ್ನತೆ ಅಂದರು, ಮಾತ್ರೆ ಬರೆದುಕೊಟ್ಟರು, ಮತ್ತೆ ಮತ್ತೆ ಬರಲು ಹೇಳಿದರು. ಮಾತ್ರೆಗಳನ್ನು ಲೀನಾ ತಮ್ಮ ಹತ್ತಿರ ಇಟ್ಟುಕೊಳ್ಳಬೇಕು, ಕೆಲವು ವಾರ ವಿಲ್ಸನ್ ಅವರನ್ನು ಒಬ್ಬರೇ ಬಿಡಬಾರದು ಅಂತ ತೀರ್ಮಾನವಾಯಿತು. ರಾತ್ರಿ ಹೊತ್ತು ಬೇಕಾದರೆ ಅಂತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಹಾಕಿಕೊಟ್ಟೆವು. ದುಡ್ಡು ಕೊಡಬೇಕಿಲ್ಲದ ಸಹಾಯ ಅದು, ಕನ್ನಡದಲ್ಲೇ ಮಾತಾಡುತ್ತಾರೆ.

ನಂಬಿಕೆ ಇರುವವನು ಮಾತ್ರೆ ತಿನ್ನಬೇಕಾ ಅನ್ನುವ ಪ್ರಶ್ನೆ ವಿಲ್ಸನ್ ಅವರನ್ನೇ ಕಾಡುತ್ತಿತ್ತು. ಅದಕ್ಕೆ ಫಾದರ್ ಎಲೀಯನ ಕಥೆ ಹೇಳಿದರು. ದೊಡ್ಡ ಪ್ರವಾದಿ, ಕಾಡಿನ ಗಿಡದ ಕೆಳಗೆ ಬಿದ್ದುಕೊಂಡು ಸಾವು ಕೊಡು ಅಂತ ದೇವರನ್ನು ಕೇಳಿದವನು. ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ತಿನ್ನಿಸಿದ. ಪರ್ವತದ ಮೇಲಿನ ಮಾತುಕತೆ ಆಮೇಲಿನದು. ಹಾಗಾಗಿ ನಿಮ್ಮ ಸದ್ಯದ ಪ್ರಾರ್ಥನೆ ಊಟ ಮತ್ತು ನಿದ್ದೆ ಅಂದರು ಫಾದರ್.

ಓದಲು ಕೊಟ್ಟದ್ದು 13ನೇ ಕೀರ್ತನೆ, 88ನೇ ಕೀರ್ತನೆ. ಒಂದರಲ್ಲಿ ‘ಎಷ್ಟರ ತನಕ’ ಅಂತ ನಾಲ್ಕು ಸಲ ದೇವರನ್ನೇ ಕೇಳುತ್ತಾನೆ. ಇನ್ನೊಂದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಸ್ತುತಿಯ ಮಾತೂ ಇಲ್ಲ. ಇಂಥದ್ದೂ ಬೈಬಲಿನಲ್ಲಿದೆ, ಹೀಗೂ ದೇವರ ಹತ್ತಿರ ಮಾತಾಡಬಹುದು ಅಂತ ಗೊತ್ತಾದ ಮೇಲೆ ವಿಲ್ಸನ್ ಮತ್ತೆ ಪ್ರಾರ್ಥನೆಗೆ ಕೂತರು. ಕೋಪದಿಂದಲೇ ಕೂತರು ಅಂತ ಲೀನಾ ಹೇಳುತ್ತಾರೆ.

ತಾಯಿಗೆ ಹೇಳಿದ್ದು

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಕೊಂಕಣಿ ಮಾತಾಡುವ ಕಥೋಲಿಕರಿಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಚರ್ಚಿನಿಂದ ಆಶೀರ್ವಾದ ಮಾಡಿದ ಹೊಸ ತೆನೆ ತಂದು, ಅದರ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಬೇಕು. ಅವತ್ತು ಮೀನು ಮಾಂಸ ಇಲ್ಲ, ತರಕಾರಿ ಊಟ. ಆ ವರ್ಷ ಜೂನ್‌ನಲ್ಲಿ ಮಲೆನಾಡಿಗೂ ಮಳೆ ಸರಿಯಾಗಿ ಬಂದಿರಲಿಲ್ಲ. ಅಜ್ಜಿ ಅದನ್ನೇ ಹೇಳುತ್ತಾ ತೆನೆ ಸುಲಿದರಂತೆ. ಮಗ ಊಟಕ್ಕೆ ಬರಲು ಒಲ್ಲೆ ಅಂದಾಗ ಅವರು ಲೀನಾ ಕಡೆ ತಿರುಗಿ, ‘ಕೆಲಸ ಹೋದದ್ದು ನನಗೆ ಯಾವತ್ತೋ ಗೊತ್ತು, ತಿಂಡಿ ಡಬ್ಬ ತೊಳೆಯೋಕೆ ಬರೋದು ನಿಂತ ದಿನವೇ ಗೊತ್ತು. ಅವನನ್ನು ಕರಿ’ ಅಂದರು. ಅವರ ಕಾಲದಲ್ಲಿ ಕಾರ್ಖಾನೆಯಲ್ಲಿ ಸಂಬಳ ನಿಂತ ತಿಂಗಳುಗಳಲ್ಲಿ ಮನೆ ಹೇಗೆ ನಡೆಸಿದ್ದರು ಅಂತ ಅವತ್ತು ಮೊದಲ ಸಲ ಮಗನಿಗೆ ಹೇಳಿದರು. ಮುಚ್ಚಿಡಲು ಪಟ್ಟ ಶ್ರಮವೆಲ್ಲ ವ್ಯರ್ಥವಾಗಿತ್ತು. ಆದರೆ ಮನೆ ಹಗುರಾಯಿತು.

ದುಡ್ಡಿನ ತೀರ್ಮಾನಗಳು

ಇವನ್ನು ಬೇಗ ಹೇಳುತ್ತೇನೆ. ಬ್ಯಾಂಕಿಗೆ ಕಂತು ತಪ್ಪಿದ ಮೇಲೆ ಹೋಗುವ ಬದಲು ತಪ್ಪುವ ಮೊದಲೇ ಹೋದರು. ಮ್ಯಾನೇಜರ್ ಅವಧಿ ಹೆಚ್ಚಿಸಿ ಕಂತು ಇಳಿಸಿದರು. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗಿತ್ತು. ತಾಯಿಯ ತಪಾಸಣೆ ಮೆಗ್ಗಾನ್‌ಗೆ, ಮಾತ್ರೆ ಜನೌಷಧಿ ಅಂಗಡಿಗೆ ಬದಲಾಯಿತು. ಆ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿಗೆ ಲೀನಾ ಅರ್ಜಿ ಹಾಕಲು ಹಿಂಜರಿದರು, ‘ನಾವು ಅಷ್ಟು ಬಡವರಾ’ ಅಂತ. ಮನೆಯ ಯಜಮಾನಿಗೆ ಬರುವ ಹಣ ಅದು, ಹಾಕಿ ಅಂದೆವು.

ವಾದ ನಡೆದದ್ದು ಪಿಎಫ್ ಬಗ್ಗೆ. ಎಲ್ಲವನ್ನೂ ತೆಗೆದು ಗೂಡ್ಸ್ ಆಟೋ ಕೊಳ್ಳಬೇಕು ಅಂತ ವಿಲ್ಸನ್ ಹಟ ಹಿಡಿದರು. ಆಗಿನ ನಿಯಮದಂತೆ ಕೆಲಸ ಬಿಟ್ಟು ಒಂದು ತಿಂಗಳಾದರೆ 75 ಶೇಕಡ, ಎರಡು ತಿಂಗಳಾದರೆ ಪೂರ್ತಿ ತೆಗೆಯಬಹುದಿತ್ತು. (ಈ ನಿಯಮವನ್ನೂ ಬದಲಿಸುವ ತೀರ್ಮಾನ 2025ರ ಅಕ್ಟೋಬರ್‌ನಲ್ಲಿ ಆಗಿದೆ.) ಮಾತ್ರೆ ಶುರುವಾಗಿ ಎರಡು ತಿಂಗಳಾಗುವ ತನಕ ಯಾವ ದೊಡ್ಡ ತೀರ್ಮಾನವೂ ಬೇಡ ಅಂತ ನಮ್ಮ ಹಿರಿಯರು ಬೇಡಿಕೊಂಡರು. ವಿಲ್ಸನ್ ಒಪ್ಪಿದರು. ಆರು ತಿಂಗಳ ಮನೆಖರ್ಚಿಗೆ ಸಾಕಾಗುವಷ್ಟು ಮಾತ್ರ ತೆಗೆದರು. ಹತ್ತು ವರ್ಷ ತುಂಬಿದ್ದರಿಂದ ಪಿಂಚಣಿಯ ಹಕ್ಕು ಹಾಗೇ ಉಳಿಯಿತು. ಆಟೋದ ವಿಚಾರ ತಾನಾಗಿ ಬಿದ್ದುಹೋಯಿತು.

ಮಗಳ ಕಾಲೇಜಿನ ಫೀಸಿನಲ್ಲಿ 15,000ವನ್ನು ಧರ್ಮಕೇಂದ್ರದ ಸಹಾಯ ನಿಧಿಯಿಂದ ಕೊಟ್ಟೆವು. ವಿಲ್ಸನ್ ತೆಗೆದುಕೊಳ್ಳಲಿಲ್ಲ. ಲೀನಾ ತೆಗೆದುಕೊಂಡರು.

ಅಡಿಕೆ ಸುಲಿಯುವ ಯಂತ್ರ

ಕೆಲಸದ ದಾರಿ ಬಂದದ್ದು ಚರ್ಚಿನ ಕಡೆಯಿಂದ ಅಲ್ಲ. ವಿಲ್ಸನ್ ಅವರ ಹಳೆಯ ಸಹೋದ್ಯೋಗಿಯೊಬ್ಬರು ತೀರ್ಥಹಳ್ಳಿ ಕಡೆಯ ಗೌಡರು. ಅವರ ಅಣ್ಣನ ತೋಟದಲ್ಲಿ ಅಡಿಕೆ ಸುಲಿಯುವ ಯಂತ್ರ ಕೆಟ್ಟು ನಿಂತಿತ್ತು. ನವೆಂಬರ್, ಅಡಿಕೆ ಗೊನೆ ಕೊಯ್ಲಿನ ಸಮಯ. ಕೊಯ್ದ ಹಸಿ ಅಡಿಕೆಯನ್ನು ಇಟ್ಟುಕೊಂಡು ಕೂರಲು ಆಗುವುದಿಲ್ಲ. ಸುಲಿದು, ಬೇಯಿಸಿ, ಒಣಗಿಸಲೇಬೇಕು. ಸುಲಿಯುವ ಆಳು ಸಿಗುವುದು ಕಷ್ಟ ಅಂತಲೇ ಎಲ್ಲರೂ ಯಂತ್ರ ಇಟ್ಟಿರುವುದು. ರಿಪೇರಿಯವರು ವಾರ ಬಿಟ್ಟು ಬರುತ್ತೇನೆ ಅಂದಿದ್ದರು. ‘ಬಂದು ಒಂದ್ಸಲ ನೋಡೋ ಮಾರಾಯ’ ಅಂತ ಗೆಳೆಯ ಕರೆದ.

ಹೋಗುವುದೋ ಬೇಡವೋ ಅಂತ ವಿಲ್ಸನ್ ಒಂದು ಇಡೀ ದಿನ ಕೂತಿದ್ದರು. ದೊಡ್ಡ ಕಾರ್ಖಾನೆಯ ಫಿಟ್ಟರ್, ಈಗ ಬ್ಯಾಗು ಹೆಗಲಿಗೆ ಹಾಕಿಕೊಂಡು ತೋಟದ ಮನೆಗಳಿಗೆ ಹೋಗುವುದಾ ಅಂತ. ಕೊನೆಗೆ ಹೋದರು. ಬೇರಿಂಗ್ ಹೋಗಿತ್ತು, ಬೆಲ್ಟ್ ಸಡಿಲವಾಗಿತ್ತು, ಬ್ಲೇಡುಗಳ ಅಂತರ ತಪ್ಪಿ ಅಡಿಕೆ ಚೂರಾಗುತ್ತಿತ್ತು. ಸಂಜೆಯೊಳಗೆ ಯಂತ್ರ ಓಡಿತು. ಅಲ್ಲಿಂದ ಪಕ್ಕದ ತೋಟ, ಅಲ್ಲಿಂದ ಅವರ ಬೀಗರ ತೋಟ. ಫೆಬ್ರವರಿ ತನಕ ತೀರ್ಥಹಳ್ಳಿ, ಹೊಸನಗರ ಕಡೆ ಬಿಡುವಿಲ್ಲದ ಹಾಗೆ ಓಡಾಡಿದರು.

ಆ ದಿನಗಳಲ್ಲೇ ಅವರು ನಮ್ಮ ವಾರ್ಡಿನ ಪ್ರಾರ್ಥನೆಗೆ ಮತ್ತೆ ಬಂದದ್ದು. ಅವತ್ತಿನ ಓದು ಮತ್ತಾಯನ 20ನೇ ಅಧ್ಯಾಯ, ದ್ರಾಕ್ಷಿ ತೋಟದ ಕೂಲಿಗಳ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಸಂಜೆ ಐದಕ್ಕೆ ಬಂದವರಿಗೂ ಇಡೀ ದಿನದ ಕೂಲಿ ಕೊಟ್ಟ ಯಜಮಾನನ ಬಗ್ಗೆ ನಾವೆಲ್ಲ ಮಾತಾಡುತ್ತಿದ್ದೆವು. ವಿಲ್ಸನ್ ಹೇಳಿದ್ದು ಬೇರೆ. ‘ಸಂಜೆ ತನಕ ಯಾಕೆ ಸುಮ್ನೆ ನಿಂತಿದ್ರಿ ಅಂತ ಕೇಳಿದ್ರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೀಲಿಲ್ಲ ಅಂತಾರೆ. ಅವರು ಸೋಮಾರಿಗಳಲ್ಲ. ನಿಂತೇ ಇದ್ರು. ನಿಲ್ಲೋದೂ ಸುಸ್ತು.’ ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈಗಿನ ಸ್ಥಿತಿ

ಅಡಿಕೆ ಸೀಸನ್ ಮುಗಿದಾಗ ಆದಾಯವೂ ನಿಂತಿತು. ಮಾರ್ಚ್ ಏಪ್ರಿಲ್‌ನಲ್ಲಿ ಮತ್ತೆ ನಿದ್ದೆ ಕೆಟ್ಟಿತು, ವೈದ್ಯರು ಮಾತ್ರೆ ಮುಂದುವರಿಸಿದರು. 2024ರ ಮೇನಲ್ಲಿ ಶಿವಮೊಗ್ಗದ ಒಂದು ಸಣ್ಣ ವರ್ಕ್‌ಶಾಪಿಗೆ 18,000 ಸಂಬಳಕ್ಕೆ ಸೇರಿದರು. ಕೊಯ್ಲಿನ ಕಾಲದಲ್ಲಿ ಭಾನುವಾರ ಮತ್ತು ವಾರದ ಒಂದು ದಿನ ತೋಟಗಳಿಗೆ ಹೋಗಲು ಬಿಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದಾರೆ. ಎರಡೂ ಸೇರಿದರೂ ಹಳೆಯ ಸಂಬಳದ ಮಟ್ಟಕ್ಕೆ ವರ್ಷವಿಡೀ ಬರುವುದಿಲ್ಲ. ಮಗಳು ಇಂಜಿನಿಯರಿಂಗ್ ಬಿಟ್ಟು ಬಿಎಸ್‌ಸಿ ಸೇರಿದಳು. ಅದು ಅವಳ ಇಷ್ಟವೇ ಆಗಿತ್ತಾ, ಅಪ್ಪನ ಮುಖ ನೋಡಿ ಮಾಡಿದ ತೀರ್ಮಾನವಾ ಅನ್ನುವುದು ಲೀನಾ ಅವರನ್ನು ಇವತ್ತಿಗೂ ಕೊರೆಯುತ್ತದೆ. ವಿಲ್ಸನ್ ಚರ್ಚಿಗೆ ಬರುತ್ತಾರೆ. ಕಾಣಿಕೆ ಎಣಿಸಲು ಕರೆದಾಗ ಬೇಡ ಅಂದರು, ನಾವು ಒತ್ತಾಯ ಮಾಡಲಿಲ್ಲ.

ನಮ್ಮಲ್ಲಿ ಕೆಲವು ಬದಲಾವಣೆಗಳಾದವು. ಹಬ್ಬದ ವಂತಿಗೆ ಪುಸ್ತಕದಲ್ಲಿ ಹೆಸರಿನ ಮುಂದೆ ಮೊತ್ತ ಬರೆಯುವುದನ್ನು ನಮ್ಮ ಸಮಿತಿ ನಿಲ್ಲಿಸಿತು. ಈಗ ಮುಚ್ಚಿದ ಲಕೋಟೆ. ಕೆಲಸ ಹೋಯಿತು ಅಂತ ಸುದ್ದಿ ಬಂದ ಮನೆಗೆ ಮೊದಲ ದಿನವೇ ಕಾಗದಪತ್ರ ಬಲ್ಲ ಒಬ್ಬರು ಹೋಗುತ್ತಾರೆ, ಏನಾದರೂ ಸಹಿ ಹಾಕಿದ್ದೀರಾ ಅಂತ ಮೊದಲು ಕೇಳುತ್ತಾರೆ. ಹೆಂಡತಿಯ ಜೊತೆ ಬೇರೆಯಾಗಿ ಕೂತು ಮಾತಾಡುತ್ತೇವೆ, ಯಾಕೆಂದರೆ ಮನೆಯ ನಿಜ ಸ್ಥಿತಿ ಅಲ್ಲಿ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ತಂಡದೊಳಗೆ ಚರ್ಚೆ ನಡೆಯಿತು. ವರ್ಕ್‌ಶಾಪಿನ ಮೊದಲ ಸಂಬಳದ ದಿನ ವಿಲ್ಸನ್ 500 ರೂಪಾಯಿ ತಂದು, ಮಗಳ ಫೀಸಿಗೆ ಕೊಟ್ಟದ್ದರ ಮೊದಲ ಕಂತು ಅಂದರು. ನಾವು ಅದನ್ನು ಸಾಲವಾಗಿ ಕೊಟ್ಟಿರಲಿಲ್ಲ. ವಾಪಸ್ ತೆಗೆದುಕೊಂಡರೆ ದಾನದ ಅರ್ಥವೇ ಕೆಡುತ್ತದೆ ಅಂತ ಇಬ್ಬರು ವಾದಿಸಿದರು. ಬೇಡ ಅಂದರೆ ಅವರು ಜೀವನಪೂರ್ತಿ ತೆಗೆದುಕೊಂಡವರಾಗಿಯೇ ಉಳಿಯುತ್ತಾರೆ, ಅವರಿಗೆ ಅದನ್ನು ಹೊರಲು ಆಗುವುದಿಲ್ಲ ಅಂತ ನಾನು ಹೇಳಿದೆ. ಕೊನೆಗೆ ತೆಗೆದುಕೊಂಡೆವು, ರಸೀದಿ ಕೊಟ್ಟೆವು. ಅಡಿಕೆ ಸೀಸನ್‌ನಲ್ಲಿ 1,000 ಕೊಡುತ್ತಾರೆ, ಮಳೆಗಾಲದಲ್ಲಿ ಕೆಲವು ತಿಂಗಳು ತಪ್ಪುತ್ತದೆ. ಆ ಹಣದಲ್ಲಿ ಸ್ವಲ್ಪ ಬೇರೊಂದು ಮನೆಯ ಹುಡುಗನ ಐಟಿಐ ಫೀಸಿಗೆ ಹೋಗಿದೆ. ಇನ್ನೂ ಕೆಲವು ಕಂತು ಬಾಕಿ ಇವೆ.